ಆ ಒಂದು ಗ್ರಾಂ ಎಲ್ಲಿ ಹೋಯ್ತು?

ಬಾಪೂಜಿ ನಗರದ ಫ್ಯಾನ್ಸಿ ಸ್ಟೋರೊಂದರಲ್ಲಿ ಮೊನ್ನೆ ಹಿರಿಯ ಹೆಂಗಸೊಬ್ಬರು ಕೈಬಳೆ ಬಿಚ್ಚಿ ಗಾಜಿನ ಮೇಲಿಟ್ಟರು. ಚರ್ಮಕ್ಕೆ ತಾಗುವ ಒಳಮೈಯಲ್ಲಿ ತಾಮ್ರ ಕೆಂಪಗೆ ಎದ್ದಿತ್ತು, ಅಂಚಿಗೆ ಹಸಿರು ಕಿಲುಬು. ಹೂವಿನ ಕೆತ್ತನೆಯ ಸಂದಿಯಲ್ಲಿ ಮಾತ್ರ ಚಿನ್ನ ಉಳಿದಿತ್ತು. "ಒನ್ ಗ್ರಾಂ ಗೋಲ್ಡ್ ಅಂದ್ರಲ್ಲಪ್ಪಾ, ಆ ಒಂದು ಗ್ರಾಂ ಎಲ್ಲಿ ಹೋಯ್ತು?"

ಮನೆಗೆ ಬಂದು ಲೆಕ್ಕ ಹಾಕಿದೆ. ಒಂದು ಗ್ರಾಂ ಚಿನ್ನವನ್ನು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ದಪ್ಪಕ್ಕೆ ಹರಡಿದರೆ 500 ಚದರ ಸೆಂಟಿಮೀಟರ್ ದಾಟುತ್ತದೆ. ಸಾಧಾರಣ ಬಳೆಯೊಂದಕ್ಕೆ ಅಷ್ಟು ತೆಳ್ಳಗೆ ಲೇಪಿಸಲು ಗ್ರಾಮಿನ ಇಪ್ಪತ್ತರಲ್ಲೊಂದು ಪಾಲು ಸಾಕು. 'ಒನ್ ಗ್ರಾಂ' ಎಂಬುದು ಹೆಸರು, ತೂಕವಲ್ಲ.

ನಮ್ಮ ಹಿರಿಯರು ಇಂಥ ಚಿನ್ನದ ಲೇಪವನ್ನು ಗಿಲೀಟು ಎಂದರು, ಚಿನ್ನದ ನೀರು ಎಂದರು. ಹಿಂದೆ ಚಿನ್ನವನ್ನು ಪಾದರಸದಲ್ಲಿ ಕಲಸಿ, ಬಳಿದು, ಕಾಯಿಸಿ ಪಾದರಸ ಹಾರಿಸುತ್ತಿದ್ದರು. ಆ ಹೊಗೆ ಕೆಲಸಗಾರರ ಆಯಸ್ಸನ್ನೇ ತಿನ್ನುತ್ತಿತ್ತು. 1805ರಲ್ಲಿ ಇಟಲಿಯ ಬ್ರುನ್ಯಾಟೆಲ್ಲಿ ವೋಲ್ಟಾನ ಬ್ಯಾಟರಿಯಿಂದ ಬೆಳ್ಳಿ ಪದಕಗಳಿಗೆ ಚಿನ್ನ ಹತ್ತಿಸಿದ. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಬಂಧುಗಳು ಸಯನೈಡ್ ದ್ರಾವಣದ ವಿಧಾನಕ್ಕೆ ಪೇಟೆಂಟ್ ಪಡೆದರು.

ಈ ಕಥೆಯಲ್ಲಿ ನನ್ನನ್ನು ಕಾಡುವುದು ಮಾತ್ರ 1963ರ ಜನವರಿ. ಚೀನಾ ಯುದ್ಧದ ಗಾಯ ಇನ್ನೂ ಹಸಿ, ವಿದೇಶಿ ವಿನಿಮಯಕ್ಕೆ ಬರ. ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣ ತಂದರು: ಹೊಸ ಒಡವೆ 14 ಕ್ಯಾರೆಟ್ ಮೀರುವಂತಿಲ್ಲ. ನೂರಕ್ಕೆ ಸುಮಾರು 92 ಪಾಲು ಚಿನ್ನವಿರುವ 22 ಕ್ಯಾರೆಟ್ಟಿಗೆ ಪಳಗಿದ್ದ ಕೈಗಳಿಗೆ 58 ಪಾಲಿನದು ಬಂತು. ಅದು ಗಡಸು, ಬಣ್ಣ ಮಂಕು. ಅಂಥ ತಾಳಿ ಯಾರು ಮಾಡಿಸಿಯಾರು? ದೇಶದ ಉದ್ದಗಲಕ್ಕೂ ಅಕ್ಕಸಾಲಿಗರು ಬೀದಿಗೆ ಬಿದ್ದರು. ಕೆಲವರು ಜೀವವನ್ನೇ ಕಳೆದುಕೊಂಡರು, ಆ ಸಾವುಗಳ ಮಾತು ಸಂಸತ್ತಿನಲ್ಲೂ ಎದ್ದಿತು. ಮೂಸೆ, ಊದುಗೊಳವೆ, ಒರೆಗಲ್ಲು ಬಿಟ್ಟು ಬೇರೇನೂ ಅರಿಯದವರನ್ನು ಒಂದೇ ಆದೇಶ ಮನೆಯಲ್ಲಿ ಕೂರಿಸಿತು. ಅದು ಅನ್ಯಾಯ, ಇವತ್ತಿಗೂ ಅನ್ಯಾಯವೇ. 14 ಕ್ಯಾರೆಟ್ಟಿನ ಮಿತಿ 1966ರಲ್ಲಿ ಹೋಯಿತು. 1968ರ ಕಾಯಿದೆ 1990ರವರೆಗೂ ಉಳಿಯಿತು. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಮಗ ಅಪ್ಪನ ಪಕ್ಕ ಕೂತು ಕೆಲಸ ಕಲಿಯುವುದು ನಿಂತೇಹೋಗಿತ್ತು.

ಮುಂದಿನದು ಗೊತ್ತಿರುವ ಕಥೆ. ಚಿನ್ನದ ಬೆಲೆ ಏರಿತು, ಗಿಲೀಟು ಮದುವೆಮನೆಗೂ ಬಂತು. ಹಿತ್ತಾಳೆಯನ್ನೋ ತಾಮ್ರವನ್ನೋ ಅಚ್ಚಿನಲ್ಲಿ ಒತ್ತಿ, ಉಜ್ಜಿ, ಕೆಳಗಿನ ತಾಮ್ರ ಮೇಲೇಳದಂತೆ ನಿಕ್ಕಲ್ ಕೂರಿಸಿ, ಕೊನೆಗೆ ಚಿನ್ನದ ದ್ರಾವಣದಲ್ಲಿ ಅದ್ದುತ್ತಾರೆ. ಕೆಲವರಿಗೆ ಕಿವಿ, ಕುತ್ತಿಗೆ ತುರಿಸುವುದು ಆ ನಿಕ್ಕಲ್ಲಿನಿಂದ. ನಿಕ್ಕಲ್ ಇಲ್ಲದೆ ತಾಮ್ರದ ಮೇಲೇ ತೆಳ್ಳಗೆ ಹಾಕಿದ್ದರೆ ಬೆವರು, ಸೋಪು, ಸೆಂಟು ತಾಗಿ ಬೇಗ ಕಿಲುಬುತ್ತದೆ.

2021ರ ಜೂನ್‌ನಿಂದ ಹಂತಹಂತವಾಗಿ ಚಿನ್ನದೊಡವೆಗೆ ಹಾಲ್‌ಮಾರ್ಕ್ ಕಡ್ಡಾಯವಾಗಿದೆ. ಅಂದು ಯಾರಿಗೂ ಬೇಡವಾಗಿದ್ದ 14 ಕ್ಯಾರೆಟ್ಟಿಗೂ ಈಗ ಮುದ್ರೆಯಿದೆ. ಗಿಲೀಟಿಗೆ ಇಲ್ಲ. ಕೊಳ್ಳುವಾಗ ಕೆಳಗಿನ ಲೋಹ ಯಾವುದು, ನಿಕ್ಕಲ್ ಇದೆಯೇ, ಲೇಪ ಎಷ್ಟು ಮೈಕ್ರಾನ್ ಎಂದು ಕೇಳಿ, ಹೇಳಿದ್ದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.