ಗಿರಣಿ ನಿಂತ ಮೇಲೆ ಹುಟ್ಟಿದ ಕಥೆ

ಪುಣೆ–ಸೊಲ್ಲಾಪುರ ಹೆದ್ದಾರಿಯಲ್ಲಿರುವ ಕುರಕುಂಭವನ್ನು ದೇಶವೆಲ್ಲ ಗುರುತಿಸಿದ್ದು 2024ರ ಫೆಬ್ರುವರಿಯಲ್ಲಿ. ಅಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ರಾಸಾಯನಿಕ ಘಟಕವೊಂದರಲ್ಲಿ ಪುಣೆ ಪೊಲೀಸರಿಗೆ 600 ಕಿಲೋಗೂ ಹೆಚ್ಚು ಮೆಫೆಡ್ರೋನ್ ಎಂಬ ಮಾದಕವಸ್ತು ಸಿಕ್ಕಿತು. ಸುದ್ದಿಯ ತುಂಬ ಕಿಲೋ ಮತ್ತು ಕೋಟಿ. ಇಂಥ ಶೆಡ್ಡುಗಳಲ್ಲಿ ಪಾಳಿ ದುಡಿಯುವವರು ಯಾರು, ಅವರ ಬಾಡಿಗೆ ಎಷ್ಟು, ಊರಲ್ಲಿ ಯಾರಿಗೆ ದುಡ್ಡು ಕಳಿಸುತ್ತಾರೆ ಎಂಬುದಕ್ಕೆ ಅಲ್ಲಿ ಜಾಗವಿರಲಿಲ್ಲ. ವರದಿಗಾರರನ್ನು ದೂರಿ ಫಲವಿಲ್ಲ. ಪಂಚನಾಮೆಗೆ ಬೇಕಾದದ್ದು ತೂಕ, ಮನೆಯಲ್ಲ. ಮನೆಯೊಳಗೆ ಕಾಲಿಟ್ಟ ಅಪರಾಧ ಕಥೆ ಬೇಕೆಂದರೆ ಇದೇ ರಾಜ್ಯದ ಮುಂಬಯಿಗೆ ಹೋಗಬೇಕು. ಆ ಕಥೆ ಪತ್ತೇದಾರಿ ಕಾದಂಬರಿಯ ವಂಶದ್ದಲ್ಲ, ಕೂಲಿಯ ಲೆಕ್ಕದಿಂದ ಹುಟ್ಟಿದ್ದು ಎಂಬುದು ನನ್ನ ವಾದ.

ಮರಾಠಿಯಲ್ಲಿ ಬಾಬುರಾವ್ ಅರ್ನಾಳ್ಕರ್, ಕನ್ನಡದಲ್ಲಿ ಎನ್. ನರಸಿಂಹಯ್ಯ ಪತ್ತೇದಾರಿ ಕಾದಂಬರಿಗಳಿಂದ ಲಕ್ಷಾಂತರ ಜನರಿಗೆ ಓದಿನ ಚಟ ಹತ್ತಿಸಿದರು. ಅದು ಸಣ್ಣ ಸಾಧನೆಯಲ್ಲ. ಆದರೆ ಅಲ್ಲಿ ಅಪರಾಧ ಒಂದು ಗಂಟು. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಅದನ್ನು ಬಿಚ್ಚಿದರೆ ಊರು ಮೊದಲಿನಂತಾಗುತ್ತದೆ. 1963ರಲ್ಲಿ ಬಂದ ಜಯವಂತ ದಳವಿಯವರ ಮರಾಠಿ ಕಾದಂಬರಿ ‘ಚಕ್ರ’ದ ಝೋಪಡಪಟ್ಟಿಗೆ ಆ ‘ಮೊದಲಿನಂತೆ’ ಎನ್ನುವುದೇ ಇಲ್ಲ. ಅಮ್ಮ, ಬೆಳೆಯುವ ಮಗ ಬೆನ್ವಾ, ಅವನ ಕಣ್ಣಿಗೆ ಹೀರೋ ಆಗಿ ಕಾಣುವ ಪುಂಡ ಲೂಕಾ: ಗೂಂಡಾ ಅಲ್ಲಿ ಹೊರಗಿನವನಲ್ಲ, ಮನೆಗೆ ಬಂದುಹೋಗುವವನು. (1981ರ ಸಿನಿಮಾದಲ್ಲಿ ಅಮ್ಮನಾದ ಸ್ಮಿತಾ ಪಾಟೀಲರಿಗೆ ರಾಷ್ಟ್ರಪ್ರಶಸ್ತಿ ಬಂತು.) 1965ರಲ್ಲಿ ಭಾವೂ ಪಾಧ್ಯೆ ‘ವಾಸೂನಾಕಾ’ದಲ್ಲಿ ಬೀದಿಯ ಮೂಲೆಯಲ್ಲಿ ನಿಂತ ಪೋಲಿ ಹುಡುಗರ ಮಾತನ್ನು ತೊಳೆಯದೆ ಬಳಸಿದಾಗ ಅಶ್ಲೀಲವೆಂಬ ಗದ್ದಲವೆದ್ದಿತು. ಸಭ್ಯ ಸಾಹಿತ್ಯಕ್ಕೆ ಇರಿಸುಮುರಿಸಾದದ್ದು ಬೈಗುಳಕ್ಕಲ್ಲ, ಆ ಹುಡುಗರಿಗೆ ಪಶ್ಚಾತ್ತಾಪ ಇಲ್ಲದ್ದಕ್ಕೆ ಎಂದು ನನಗನ್ನಿಸುತ್ತದೆ.

ಕಥೆಗೆ ಕುಟುಂಬ ಪೂರ್ತಿಯಾಗಿ ಬಂದದ್ದು 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಶುರುವಾದ ಮುಂಬಯಿಯ ಬಟ್ಟೆ ಗಿರಣಿ ಮುಷ್ಕರದ ನಂತರ. ಸುಮಾರು 2.5 ಲಕ್ಷ ಕಾರ್ಮಿಕರು ಹೊರಬಂದರು; ಬಹಳಷ್ಟು ಮಂದಿ ಮತ್ತೆ ಒಳಹೋಗಲಿಲ್ಲ. ಮುಂಬಯಿಯ ಗಿರಣಿ ಪ್ರದೇಶವಾದ ಗಿರಣಗಾಂವ್‌ನಲ್ಲೇ ಬೆಳೆದ ಜಯಂತ್ ಪವಾರ್ ಬರೆದ ‘ಅಧಾಂತರ’ ನಾಟಕ 1997ರಲ್ಲಿ ರಂಗಕ್ಕೆ ಬಂತು. ಚಾಳಿನ ಒಂದೇ ಖೋಲಿ, ತಾಯಿ, ಮಗಳು, ಮೂವರು ಗಂಡುಮಕ್ಕಳು. ಒಬ್ಬ ಬರಹಗಾರನಾಗುವ ಹಂಬಲದವನು, ಒಬ್ಬ ಕ್ರಿಕೆಟ್ಟಿನ ಹುಚ್ಚ, ನರೂ ಮಾತ್ರ ಗ್ಯಾಂಗು ಸೇರುತ್ತಾನೆ. ಅವನು ತರುವ ದುಡ್ಡನ್ನು ಮುಟ್ಟಬೇಕೋ ಬೇಡವೋ ಎಂಬುದು ಅಂಥ ಮನೆಯಲ್ಲಿ ನೀತಿಪಾಠದ ಪ್ರಶ್ನೆಯಲ್ಲ, ಆ ದಿನದ ರೇಷನ್ನಿನದು. 2010ರಲ್ಲಿ ಮಹೇಶ್ ಮಾಂಜ್ರೇಕರ್ ಇದನ್ನು ಸಿನಿಮಾ ಮಾಡಿದರು. ರಕ್ತ ಹೆಚ್ಚಿತು, ಖೋಲಿಯ ಇಕ್ಕಟ್ಟು ಕಡಿಮೆಯಾಯಿತು.

ಪತ್ತೇದಾರನಿಲ್ಲ, ಸುಳಿವುಗಳಿಲ್ಲ, ಇದನ್ನು ಅಪರಾಧ ಸಾಹಿತ್ಯ ಎನ್ನುವುದು ಹೇಗೆ ಎಂದು ಕೇಳುವವರಿದ್ದಾರೆ. ಯಾರು ಕೊಂದರು ಎಂಬುದು ಮೊದಲ ಪುಟದಲ್ಲೇ ಗೊತ್ತಿರುವ ಕೇರಿಯಲ್ಲಿ ಉಳಿಯುವುದು ಅವನು ಅಲ್ಲಿಗೆ ಹೇಗೆ ಬಂದ ಎಂಬ ತನಿಖೆಯೊಂದೇ, ಅದೂ ತನಿಖೆಯೇ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ: ಬಡವರ ಕೇರಿ ಎಂದರೆ ಕಳ್ಳರ ಕೇರಿ ಎಂಬ ಪೂರ್ವಗ್ರಹಕ್ಕೆ ಇಂಥ ಕಥೆಗಳು ಗೊಬ್ಬರ ಹಾಕುವುದಿಲ್ಲವೆ? ಕೆಟ್ಟ ಕಥೆಗಳು ಖಂಡಿತ ಹಾಕುತ್ತವೆ, ನಮ್ಮ ಮಚ್ಚು ಸಿನಿಮಾಗಳಲ್ಲಿ ಎಷ್ಟೋ ಅಂಥವೇ. ಆದರೆ ‘ಅಧಾಂತರ’ದ ಲೆಕ್ಕ ನೋಡಿ. ಅದೇ ಖೋಲಿ, ಅದೇ ಹಸಿವು, ಮೂವರಲ್ಲಿ ಒಬ್ಬನೇ ಆ ದಾರಿ ಹಿಡಿಯುವುದು. ಬಡತನ ತಾನಾಗಿಯೇ ಅಪರಾಧಿಯನ್ನು ಹಡೆಯುವುದಾದರೆ ಉಳಿದಿಬ್ಬರು ಆ ನಾಟಕದಲ್ಲಿ ಇರುತ್ತಿರಲಿಲ್ಲ. ಸೂರಿಯವರ ಸಿನಿಮಾ ‘ದುನಿಯಾ’ (2007) ಕೂಡ ಮಚ್ಚಿನ ಸಾಲಿನಿಂದ ಬೇರೆಯಾಗುವುದು ಇಲ್ಲೇ: ಕಲ್ಲುಕ್ವಾರಿಯಿಂದ ಬೆಂಗಳೂರಿಗೆ ಬಂದು ರೌಡಿಗಳ ಕೈಗೆ ಸಿಕ್ಕವನ ತಲೆಯಲ್ಲಿರುವುದು ತಾಯಿಯ ಸಮಾಧಿ, ಊರಿನ ಮೇಲಿನ ಹಿಡಿತವಲ್ಲ.

ಕುರಕುಂಭದಂಥ ಜಾಗ ಈ ಪರಂಪರೆಗೆ ಒಡ್ಡುವ ತೊಡಕು ಹೊಸದು. ಗಿರಣಿಯವನಿಗೆ ಚಾಳಿತ್ತು, ಯೂನಿಯನ್ನಿತ್ತು, ನೆರೆಯವರಿದ್ದರು. ನಾಟಕಕಾರನಿಗೆ ಇಡೀ ಸಂಸಾರ ಒಂದೇ ಖೋಲಿಯಲ್ಲಿ ಸಿಗುತ್ತಿತ್ತು. ಗುತ್ತಿಗೆದಾರನ ಮೂಲಕ ಬಂದವನ ಸಂಸಾರ ಇರುವುದು ನೂರಾರು ಮೈಲಿ ದೂರದಲ್ಲಿ, ಫೋನಿನ ಆ ತುದಿಯಲ್ಲಿ. ಅಲ್ಲಿನ ಕಥೆ ಬರೆಯುವವರು ಮೊದಲು ಎರಡು ಊರುಗಳನ್ನು ಒಟ್ಟಿಗೆ ಬರೆಯುವುದನ್ನು ಕಲಿಯಬೇಕಾಗುತ್ತದೆ.