ಜರಡಿಯ ಕೆಳಗೆ ಬಿದ್ದದ್ದು

14 ಫೆಬ್ರವರಿ 2025, ಶುಕ್ರವಾರ. ಅಪ್ಪನ ಕೆರೆ, ಕಲಬುರಗಿ. ಬೆಳಿಗ್ಗೆ 6:50

ನಾಮದ ಕೋಳಿ 14. ಇನ್ನೊಮ್ಮೆ ಎಣಿಸಿದರೆ 17. ಮೊದಲ ಸಲ ಎಣಿಸುವಾಗ ಮೂರು ನೀರೊಳಗಿದ್ದವು. ಕಪ್ಪು ಮೈ, ಹಣೆಯ ಮೇಲೆ ಬಿಳಿ ನಾಮ. ಒಮ್ಮೆ ತಲೆ ಕೆಳಗೆ ಮಾಡಿತೆಂದರೆ ಅದಿದ್ದ ಜಾಗದಲ್ಲಿ ಉಳಿಯುವುದು ಅಗಲವಾಗುತ್ತ ಹೋಗುವ ಒಂದು ಉಂಗುರ ಮಾತ್ರ. ಈಚೆಗೆ ನಾನು ಉಂಗುರಗಳನ್ನೂ ಎಣಿಸುತ್ತೇನೆ.

ಕಾಗದದ ಮೇಲೆ ಈ ಕೆರೆಗೆ ಶರಣಬಸವೇಶ್ವರ ಕೆರೆ ಎಂದು ಹೆಸರು, ಊರವರ ಬಾಯಲ್ಲಿ ಅಪ್ಪನ ಕೆರೆ. ಈ ಹೊತ್ತಿನಲ್ಲಿ ದಂಡೆಯ ತುಂಬ ವಾಕಿಂಗಿಗೆ ಬಂದವರು. ಇಂದಿನಿಂದ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್. 1998ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಹಕ್ಕಿ ಎಣಿಕೆಗೆ ನಮ್ಮ ದೇಶದವರು ಕೈಜೋಡಿಸಿದ್ದು 2013ರಲ್ಲಿ. ಎಡಗೈಯಲ್ಲಿ ಫೋನು, ಅದರಲ್ಲಿ ಹಕ್ಕಿ ಪಟ್ಟಿ ಬರೆಯುವ ಆ್ಯಪು ಇಬರ್ಡ್. ಅಂಗಿಯ ಜೇಬಿನಲ್ಲಿ ಸಣ್ಣ ನೋಟ್‌ಬುಕ್ಕು ಮತ್ತು ಪೆನ್ಸಿಲ್. ಪೆನ್ನು ಬೇಡ, ಇಲ್ಲಿನ ಬಿಸಿಲಿಗೆ ಸೋರುತ್ತದೆ.

ಹಿರಿಯರೊಬ್ಬರು ನಿಂತು ನೋಡಿದರು.

‘ಏನ್ ಎಣಿಸ್ಲಾಕತ್ತೀರಿ ಸರ್?’

‘ಕಾಗಿ ರೀ.’

‘ಕಾಗಿ ಎಣಿಸಿ ಏನ್ ಮಾಡ್ತೀರಿ?’

ಅವರಿಗೆ ಹೇಳಬೇಕಿದ್ದ ಉತ್ತರ ಸ್ವಲ್ಪ ಉದ್ದ. ಅಷ್ಟರಲ್ಲಿ ಅವರ ಸುತ್ತು ಮುಂದುವರಿದಿತ್ತು.

ಉತ್ತರ ಇದು. ಇಬರ್ಡಿನಲ್ಲಿ ಪಟ್ಟಿ ಮುಗಿಸುವಾಗ ಕೊನೆಯಲ್ಲಿ ಒಂದು ಪ್ರಶ್ನೆ ಬರುತ್ತದೆ: ಗುರುತಿಸಲು ಸಾಧ್ಯವಾದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ? ಮೊದಮೊದಲು ನಾನು ಅದಕ್ಕೆ ಇಲ್ಲವೆಂದೇ ಒತ್ತುತ್ತಿದ್ದೆ. ಕಾಗೆ, ಪಾರಿವಾಳ, ಗೊರವಂಕಗಳನ್ನು ಯಾರು ಬರೆಯುತ್ತಾರೆ? ಕಂಡ ಅಪರೂಪಕ್ಕೆ ಮಾತ್ರ ಪಟ್ಟಿಯಲ್ಲಿ ಜಾಗ. ಆದರೆ ಹೌದು ಎಂದು ಒತ್ತಿದ ಪಟ್ಟಿಗೇ ಬೇರೆ ಬೆಲೆ. ಎಷ್ಟು ನಿಮಿಷ ನಿಂತೆ, ಎಷ್ಟು ದೂರ ನಡೆದೆ ಎಂಬ ಲೆಕ್ಕ ಅದರ ಜೊತೆಗಿರುತ್ತದೆ. ಹಾಗಾಗಿ ಅದರಲ್ಲಿ ಬರೆಯದೆ ಉಳಿದ ಪ್ರತಿ ಹೆಸರೂ ‘ಇಷ್ಟು ಹೊತ್ತು ನೋಡಿದೆ, ಕಾಣಲಿಲ್ಲ’ ಎಂಬ ಸಾಕ್ಷಿಯಾಗುತ್ತದೆ. ಕಾರ್ನೆಲ್ ಪಕ್ಷಿಶಾಸ್ತ್ರ ಸಂಸ್ಥೆ ಮತ್ತು ಆಡುಬಾನ್ ಸೊಸೈಟಿ ಸೇರಿ 2002ರಲ್ಲಿ ಕಟ್ಟಿದ ಈ ವ್ಯವಸ್ಥೆಯ ಜೀವ ಇರುವುದು ಆ ಒಂದು ಪ್ರಶ್ನೆಯಲ್ಲಿ. ನಮ್ಮ ದೇಶದ 942 ಬಗೆಯ ಹಕ್ಕಿಗಳ ಸ್ಥಿತಿಗತಿಯನ್ನು ಅಳೆದ 2023ರ ವರದಿ ನಿಂತಿದ್ದು ಮೂವತ್ತು ಸಾವಿರಕ್ಕೂ ಹೆಚ್ಚು ಜನ ಹೀಗೆ ಕಳಿಸಿದ ಮೂರು ಕೋಟಿ ದಾಖಲೆಗಳ ಮೇಲೆ. ಒಂದು ಹಕ್ಕಿ ಕಡಿಮೆಯಾಗಿದೆ ಎನ್ನಲು ಅದು ಕಂಡ ದಿನಗಳ ಲೆಕ್ಕ ಸಾಲದು. ಕಾಣದ ದಿನಗಳದ್ದೂ ಬೇಕು.

ಕಾಗೆ 23. ಬೆಳ್ಳಕ್ಕಿ 6. ಮಿಂಚುಳ್ಳಿ 1. ನೀರುಕಾಗೆ 9, ಅದರಲ್ಲಿ ಒಂದು ರೆಕ್ಕೆ ಹರವಿಕೊಂಡು ಬಿಸಿಲಿಗೆ ಬೆನ್ನು ಕೊಟ್ಟಿದೆ. ಸಮಯ 40 ನಿಮಿಷ. ಹೌದು.

ಅದೇ ದಿನ, ಮನೆ. ರಾತ್ರಿ 9:30

ನೋಟ್‌ಬುಕ್ಕಿನದನ್ನು ಕಂಪ್ಯೂಟರಿಗೆ ಇಳಿಸುವ ಹೊತ್ತು. ಟಿಪ್ಪಣಿ ಜೋಡಿಸುವಾಗ ನೆನಪಾಗುವವನು ಅಮೆರಿಕದ ಜೋಸೆಫ್ ಗ್ರಿನ್ನೆಲ್. 1908ರಲ್ಲಿ ಅವನು ಬರ್ಕ್ಲಿಯ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದ ಮೊದಲ ನಿರ್ದೇಶಕನಾದ. ಟಿಪ್ಪಣಿಗೆ ಅವನು ಮೂರು ಮನೆ ಮಾಡಿದ: ದಿನಚರಿಗೊಂದು, ಪ್ರತಿ ಜೀವಿಗೆ ಒಂದೊಂದು ಹಾಳೆ, ಹಿಡಿದು ತಂದ ಮಾದರಿಗಳಿಗೊಂದು ಪಟ್ಟಿ. ಹೆಚ್ಚುಕಮ್ಮಿ ನೂರು ವರ್ಷದ ಮೇಲೆ ಅಲ್ಲಿನ ವಿಜ್ಞಾನಿಗಳು ಅದೇ ಜಾಗಗಳಿಗೆ ಮರಳಿ ಹೋಗಿ, ಯಾವುದು ಉಳಿದಿದೆ, ಯಾವುದು ಬೆಟ್ಟ ಹತ್ತಿದೆ ಎಂದು ಆ ಪುಟಗಳ ಜೊತೆ ಹೋಲಿಸಿ ನೋಡಿದರು. ನಮ್ಮ ಕಡೆಯೂ 1930ರ ದಶಕದ ಆರಂಭದಲ್ಲಿ ಸಲೀಂ ಅಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಆಗ ಗುಲ್ಬರ್ಗಾ ಎನಿಸಿದ್ದ ಕಲಬುರಗಿ ಆ ಸಂಸ್ಥಾನದೊಳಗಿನ ಜಿಲ್ಲೆ.

ನನ್ನ ವ್ಯವಸ್ಥೆ ಗ್ರಿನ್ನೆಲ್‌ನದರ ಬಡ ತಮ್ಮ. ದಿನಕ್ಕೊಂದು ಸಾದಾ ಟೆಕ್ಸ್ಟ್ ಫೈಲು, ಎಲ್ಲ ಒಂದೇ ಫೋಲ್ಡರಿನಲ್ಲಿ. ಹೆಸರು ಹೀಗೆ: 2025-02-14-ಅಪ್ಪನಕೆರೆ. ವರ್ಷ ಮೊದಲು, ತಿಂಗಳು ಆಮೇಲೆ, ತಾರೀಖು ಕೊನೆಗೆ. ಕಂಪ್ಯೂಟರು ಹೆಸರಿನ ಪ್ರಕಾರ ಸಾಲು ಹಚ್ಚಿದರೆ ದಿನಗಳು ತಾವಾಗಿಯೇ ಒಂದರ ಹಿಂದೊಂದು ನಿಲ್ಲುತ್ತವೆ. ನಾವು ರೂಢಿಯಲ್ಲಿ ಬರೆಯುವಂತೆ ತಾರೀಖು ಮೊದಲಿಟ್ಟರೆ ಈ ವರ್ಷದ ಫೆಬ್ರವರಿ 14ರ ಪಕ್ಕದಲ್ಲಿ ಯಾವುದೋ ಕಾಲದ ಮಾರ್ಚ್ 14 ಬಂದು ಕೂರುತ್ತದೆ. ಇದರ ಜೊತೆಗೆ ಒಂದು ಸ್ಪ್ರೆಡ್‌ಶೀಟು, ಒಂದು ನೋಟಕ್ಕೆ ಒಂದು ಸಾಲು. ಇದಕ್ಕಿಂತ ಚಂದದ ಆ್ಯಪುಗಳನ್ನು ಬಳಸಿ ನೋಡಿದ್ದೇನೆ. ಬಣ್ಣದ ಚೀಟಿ, ಕೊಂಡಿ, ನೆನಪಿನ ಗಂಟೆ ಎಲ್ಲ ಇದ್ದವು. ಮಾಹಿತಿ ಹೊರಗೆ ತೆಗೆಯುವ ದಿನ ಬಂದಾಗ ಮಾತ್ರ ಬಾಗಿಲು ಕಿರಿದಾಗಿತ್ತು.

ಬಾಗಿಲಿನ ಪಾಠ ನನಗೆ ಹಳೆಯದು. ಯೂನಿಕೋಡ್ ರೂಢಿಗೆ ಬರುವ ಮುಂಚೆ ನಾಲ್ಕು ವರ್ಷದ ಟಿಪ್ಪಣಿಯನ್ನು ಆಗಿನ ಒಂದು ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದೆ. ಕಂಪ್ಯೂಟರು ಬದಲಾಯಿತು, ಫಾಂಟು ಹೋಯಿತು. ತೆರೆದರೆ ಪುಟದ ತುಂಬ ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕಿ. ಹಕ್ಕಿಗಳೆಲ್ಲ ಒಳಗೇ ಇದ್ದವು, ಒಂದರ ಮುಖವೂ ಕಾಣುತ್ತಿರಲಿಲ್ಲ. ಪರಿವರ್ತಕಕ್ಕೆ ಹಾಕಿ, ಕೆಟ್ಟ ಒತ್ತಕ್ಷರಗಳನ್ನು ಕೈಯಿಂದ ತಿದ್ದಲು ಒಂದು ಮಳೆಗಾಲ ಬೇಕಾಯಿತು. ಕನ್ನಡದಲ್ಲಿ ಹಕ್ಕಿಗಳ ಬಗ್ಗೆ ಬರೆದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡದ ತಂತ್ರಾಂಶಕ್ಕಾಗಿಯೂ ಯಾಕೆ ಅಷ್ಟು ಕಾಳಜಿಯಿಂದ ದನಿ ಎತ್ತಿದರು ಎಂದು ಆ ಮಳೆಗಾಲದಲ್ಲಿ ನನಗೆ ತಿಳಿಯಿತು.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. ಚಳಿಗಾಲದಲ್ಲಿ ಇಲ್ಲಿನ ಕರಿನೆಲದ ಹೊಲಗಳ ಮೇಲೆ ಹ್ಯಾರಿಯರ್ ಎಂಬ ಬೇಟೆ ಹಕ್ಕಿ ನೆಲ ಸವರುವಷ್ಟು ಕೆಳಗೆ, ರೆಕ್ಕೆ ಸ್ವಲ್ಪ ಮೇಲೆತ್ತಿಕೊಂಡು ತೇಲುತ್ತದೆ. ಹಳೆಯ ಫೈಲುಗಳಲ್ಲಿ ಅದರ ಹೆಸರು ಹುಡುಕಿದಾಗ ನಡುವಿನ ಎರಡು ಚಳಿಗಾಲ ಖಾಲಿ. ಹಕ್ಕಿ ಬಂದಿಲ್ಲವೆಂದೇ ನಂಬಿದೆ, ಕಾರಣವನ್ನೂ ಹೊಲಿದುಕೊಂಡೆ: ಮಳೆ ಕಡಿಮೆ, ಹೊಲದಲ್ಲಿ ಇಲಿ ಕಡಿಮೆ. ಆಮೇಲೊಂದು ದಿನ ಬೇರೇನನ್ನೋ ಓದುವಾಗ ಆ ವರ್ಷದ ಪುಟದಲ್ಲೇ ಹ್ಯಾರಿಯರ್ ಹಾರುತ್ತಿತ್ತು! ಪದ ಅರೆ ಅಕ್ಷರದಲ್ಲಿ ಮುಗಿದಾಗ ಕೆಲವು ಕೀಲಿಮಣೆಗಳು ಅದರ ಹಿಂದೆ ಕಣ್ಣಿಗೆ ಕಾಣದ ಒಂದು ಗುರುತು ಸೇರಿಸುತ್ತವೆ. ಅದಕ್ಕೆ ಅಗಲವೇ ಇಲ್ಲ. ಮುಂದಿನ ಅಕ್ಷರ ಒತ್ತಾಗಿ ಕೆಳಗಿಳಿಯದಂತೆ ತಡೆಯುವುದು ಅದರ ಕೆಲಸ. ನಾನು ಕಂಪ್ಯೂಟರಿನಲ್ಲಿ ಹುಡುಕಿದ ‘ಹ್ಯಾರಿಯರ್’ಗೆ ಆ ಬಾಲವಿತ್ತು, ಆ ಎರಡು ವರ್ಷ ಫೋನಿನಲ್ಲಿ ಬರೆದದ್ದಕ್ಕೆ ಇರಲಿಲ್ಲ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ.

ಅಂದಿನಿಂದ ಸ್ಪ್ರೆಡ್‌ಶೀಟಿನಲ್ಲಿ ವೈಜ್ಞಾನಿಕ ಹೆಸರಿಗೊಂದು ಕಾಲಂ ಇದೆ. ಟಿಟ್ಟಿಭ, ಟಿಟ್ಟಿಬ ಎಂದು ನಾನೇ ಎರಡು ಬಗೆಯಲ್ಲಿ ಬರೆದದ್ದೂ ಈಗ ಒಂದೇ ಗೂಡಿಗೆ ಸೇರುತ್ತದೆ. ‘ಸಿಗಲಿಲ್ಲ’ ಎಂದು ಯಂತ್ರ ಹೇಳಿದ ಕೂಡಲೇ ಹಕ್ಕಿ ಇರಲಿಲ್ಲ ಎಂದುಕೊಳ್ಳುವುದನ್ನೂ ಬಿಟ್ಟಿದ್ದೇನೆ.

15 ಫೆಬ್ರವರಿ, ಶನಿವಾರ. ಕಮಲಾಪುರ. ಬೆಳಿಗ್ಗೆ 9:10

ಹುಮನಾಬಾದ್ ರಸ್ತೆ. ಬಸ್ಸಿನ ಕಿಟಕಿಯಿಂದ ನೆಲದ ಬಣ್ಣ ನೋಡುತ್ತ ಬಂದೆ. ಕಲಬುರಗಿಯ ಸುತ್ತ ಕರಿನೆಲ, ತೊಗರಿ ಕೊಯ್ದ ಕೂಳೆ, ನಿಂತ ಬಿಳಿಜೋಳ. ಕಮಲಾಪುರ ಹತ್ತಿರವಾದಂತೆ ಮಣ್ಣು ಕೆಂಪೇರುತ್ತದೆ. ಈ ಕೆಂಪು ನೆಲದ್ದೇ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆ.

ತೋಟದೊಳಗೆ ತಂಪು. ಕಾಂಡದ ಮೇಲೆ ಕೆಂಪು ಛಾಯೆ, ಎಲೆಯ ನಡುನರವೂ ಕೆಂಪು. ಇಳಿಬಿದ್ದ ಹೂವಿನ ಮೊಗ್ಗಿನ ಒಂದು ಹೊರಪದರ ಮೇಲಕ್ಕೆ ಸುರುಳಿ ಸುತ್ತಿಕೊಂಡಿದೆ, ಕೆಳಗೆ ಸಾಲು ಹೂ. ಒಂದು ಸೂರಕ್ಕಿ ಮೊಗ್ಗಿಗೇ ತಲೆಕೆಳಗಾಗಿ ಜೋತು, ಬಾಗಿದ ಕೊಕ್ಕನ್ನು ಒಂದೊಂದು ಹೂವಿಗೂ ಇಟ್ಟು ತೆಗೆಯುತ್ತಿದೆ. ಎಡದಿಂದ ಬಲಕ್ಕೆ ಒಂದನ್ನೂ ಬಿಡದೆ ಹೋಯಿತು. 9:22ಕ್ಕೆ ಬಂದದ್ದು 9:24ಕ್ಕೆ ಎದ್ದಿತು.

ಐನ್ಯಾಚುರಲಿಸ್ಟಿಗೆ ಎರಡು ಫೋಟೊ ಹಾಕಿದೆ. ಗ್ರಿನ್ನೆಲ್‌ನ ಬರ್ಕ್ಲಿಯಲ್ಲೇ 2008ರಲ್ಲಿ ಮೂವರು ವಿದ್ಯಾರ್ಥಿಗಳ ಸ್ನಾತಕೋತ್ತರ ಯೋಜನೆಯಾಗಿ ಹುಟ್ಟಿದ ಆ್ಯಪು ಇದು. ನೀವು ಚಿತ್ರ ಹಾಕುತ್ತೀರಿ, ಜಗತ್ತಿನ ಎಲ್ಲೆಲ್ಲಿಯೋ ಇರುವ ಬಲ್ಲವರು ಗುರುತು ಹೇಳುತ್ತಾರೆ. ಹೇಳಿದವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಪ್ಪಿದರೆ ಅದಕ್ಕೆ ಸಂಶೋಧನೆಯ ದರ್ಜೆ. ಸೂರಕ್ಕಿಗೆ ಆ ದಾರಿ ಇದೆ. ಬಾಳೆಗೆ ಇಲ್ಲ. ನೆಟ್ಟು ಬೆಳೆಸಿದ್ದು ಎಂದು ಪ್ರಾಮಾಣಿಕವಾಗಿ ಗುರುತು ಹಾಕಿದ ಕೂಡಲೇ ಅದು ಸಾಮಾನ್ಯ ದರ್ಜೆಗೆ ಇಳಿಯುತ್ತದೆ. ಕಾಡಿನದನ್ನು ಹುಡುಕಲು ಕಟ್ಟಿದ ಉಪಕರಣಕ್ಕೆ ಅದು ಸರಿಯಾದ ನಿಯಮವೇ. ಮರಗಳ ಎಲೆ, ಹೂ, ಕಾಯಿಗಳನ್ನು ವಾರವಾರ ಇಲ್ಲ, ಸ್ವಲ್ಪ, ಬಹಳ ಎಂದು ದಾಖಲಿಸುವ ಸೀಸನ್‌ವಾಚ್ ನನ್ನ ಅಂಗಳದ ಹುಣಸೆಯನ್ನು ಹಿಡಿದುಕೊಳ್ಳುತ್ತದೆ. ಬಾಳೆ ಮರವಲ್ಲ, ಅಲ್ಲಿಯೂ ಸಲ್ಲದು. ಇಬರ್ಡಿಗಂತೂ ಬಾಳೆ ಎಂದರೆ ಹಕ್ಕಿ ಕೂತ ಜಾಗ.

ಕಲಬುರಗಿಯ ದಾಲ್‌ಮಿಲ್ಲಿನಲ್ಲಿ ತೊಗರಿಯನ್ನು ಜರಡಿ ಹಿಡಿಯುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಪ್ರತಿ ಜರಡಿಗೂ ತನ್ನ ಕಣ್ಣಿನ ಅಳತೆ. ಮೇಲೆ ನಿಂತ ಕಾಳಿನಷ್ಟೇ ಕೆಳಗೆ ಬಿದ್ದದ್ದನ್ನೂ ಮಿಲ್ಲಿನವರು ನೋಡುತ್ತಾರೆ. ಕಮಲಾಪುರಕ್ಕೆ ಹೆಸರು ತಂದ ಗಿಡವೇ ನನ್ನ ಮೂರೂ ಜರಡಿಗಳ ಕೆಳಗೆ ಬಿದ್ದಿತ್ತು.

ಅದೂ ಎಂಥ ದಿನ! ಒಂದು ಕೆಂಪು ಬಾಳೆಯ ಬುಡದಲ್ಲಿ ಎದ್ದ ಮರಿ ಪೂರಾ ಹಸಿರು. ಕೆಂಪು ಬಾಳೆ ಒಮ್ಮೊಮ್ಮೆ ಹೀಗೆ ಹಸಿರಿಗೆ ತಿರುಗುತ್ತದೆ, ಬಣ್ಣದ ಗುಣದಲ್ಲಿ ಆಗುವ ಬದಲಾವಣೆ ಅದು. ತೋಟದ ಕಾಕಾ ಅದರ ಎಲೆ ಮುಟ್ಟಿ ತೋರಿಸಿದರು: ‘ತಾಯಿ ಕೆಂಪ, ಮಗಳು ಹಸರ.’

ಅವರ ಶೆಡ್ಡಿನ ಮೊಳೆಗೆ ಗೋಡೆ ಕ್ಯಾಲೆಂಡರು. ಚೌಕಗಳಲ್ಲಿ ಪೆನ್ಸಿಲಿನ ಗುರುತು: ನೀರು, ಗೊಬ್ಬರ, ಆಳಿನ ಲೆಕ್ಕ, ಹಾಲಿನ ಲೆಕ್ಕ. ಹೊಸದರ ಅಡಿಯಲ್ಲಿ ಅದೇ ಮೊಳೆಗೆ ಹೋದ ವರ್ಷದ್ದು.

‘ಹಳೇದ್ ಯಾಕ ತೆಗ್ದಿಲ್ಲ ಕಾಕಾ?’

‘ಬಾಳಿ ಇನ್ನಾ ಅದ್ರಾಗೇ ಅದ, ತಮ್ಮಾ.’

ನೆಟ್ಟದ್ದು ಗೊನೆಯಾಗಲು ಒಂದೂವರೆ ವರ್ಷದ ಹತ್ತಿರ ಹಿಡಿಯುವ ಬೆಳೆ. ಹನ್ನೆರಡು ತಿಂಗಳ ಪುಸ್ತಕದಲ್ಲಿ ಅದು ಮುಗಿಯುವುದಿಲ್ಲ. ಅವರ ವ್ಯವಸ್ಥೆಯಲ್ಲಿ ನನಗೆ ಒಂದೂ ದೋಷ ಕಾಣಲಿಲ್ಲ.

ಅದೇ ತೋಟ. ಸಂಜೆ 6:25

ಬಾಳೆ ಮೊಗ್ಗಿನ ಇನ್ನೊಂದು ಪದರ ಏಳುತ್ತಿದೆ. ನೋಡುತ್ತಿದ್ದರೆ ಅಲುಗುವುದು ಕಾಣದು, ಪಕ್ಕದ ಎಲೆಯನ್ನು ನೋಡಿ ಬಂದರೆ ಸಂದು ಅಗಲವಾಗಿರುತ್ತದೆ. ಫೋನಿನಲ್ಲಿ ಮರ್ಲಿನ್ ಎಂಬ ಆ್ಯಪು ಕಿವಿ ತೆರೆದುಕೊಂಡಿದೆ. ಅದು 2021ರಿಂದ ದನಿ ಕೇಳಿ ಹಕ್ಕಿಯ ಹೆಸರು ಹೇಳುತ್ತದೆ, ಹಕ್ಕಿಗಳ ಪಟ್ಟಿಯನ್ನು ಮೊದಲೇ ಇಳಿಸಿಕೊಂಡಿದ್ದರೆ ನೆಟ್‌ವರ್ಕ್ ಇಲ್ಲದ ತೋಟದಲ್ಲೂ ನಡೆಯುತ್ತದೆ. ಗೊರವಂಕ, ಟಿಟ್ಟಿಭ ಎಂದಿತು, ಆಮೇಲೆ ಸುಮ್ಮನಾಯಿತು. 6:51ಕ್ಕೆ ಒಂದು ಬಾವಲಿ ಬಂದು ಹೂವಿಗೆ ಮೈ ಒತ್ತಿ, ಎರಡೆಣಿಸುವಷ್ಟರಲ್ಲಿ ಹೋಯಿತು. ಮತ್ತೆ 6:58ಕ್ಕೆ. ಮರ್ಲಿನ್‌ಗೆ ಬಾವಲಿ ಗೊತ್ತಿಲ್ಲ, ಪರದೆ ಖಾಲಿ. ಪೆನ್ಸಿಲಿನಲ್ಲಿ ಬರೆದುಕೊಂಡೆ. ಜೊತೆಗೆ ಹಸಿರು ಮರಿ, ಎರಡು ಕ್ಯಾಲೆಂಡರು, ಮೊಳೆ.

17 ಫೆಬ್ರವರಿ, ಸೋಮವಾರ. ಅಪ್ಪನ ಕೆರೆ. ಬೆಳಿಗ್ಗೆ 7:00

ಎಣಿಕೆಯ ಕೊನೆಯ ದಿನ. ನಾಮದ ಕೋಳಿ 16, ಉಂಗುರ 1. ಅದೇ ಹಿರಿಯರು ಬಂದರು.

‘ಇವತ್ತ ಕಾಗಿ ಎಷ್ಟ್ರಿ?’

‘ಹತ್ತೊಂಬತ್ತು.’

ನಕ್ಕರು, ಪಕ್ಕದಲ್ಲಿ ಕೂತರು. ತಮ್ಮ ಊರಿನ ಮಾತು ತೆಗೆದರು. ‘ನಾನ್ ಸಣ್ಣಾಂವ ಇದ್ದಾಗ ಊರ ಹೊರಗ ಸತ್ತ ದನ ಒಗದ್ರ ರಣಹದ್ದ ಇಳೀತಿದ್ವು. ತಾಸಿನಾಗ ಎಲುಬಷ್ಟ ಉಳೀತಿತ್ತು.’

1990ರ ದಶಕದಿಂದ ಈಚೆಗೆ ದೇಶದ ಆಕಾಶದಿಂದ ರಣಹದ್ದುಗಳು ಬಹುಪಾಲು ಖಾಲಿಯಾದದ್ದು, ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಅದಕ್ಕೆ ಕಾರಣವಾದದ್ದು, 2006ರಲ್ಲಿ ಪಶುಗಳಿಗೆ ಅದರ ಬಳಕೆಗೆ ನಿಷೇಧ ಬಂದದ್ದು ಎಲ್ಲ ಪುಸ್ತಕದಲ್ಲಿದೆ. ಅವರ ಊರಿಗೆ ಅವು ಬರುವುದು ನಿಂತ ತಾರೀಖು ಯಾವ ಪುಸ್ತಕದಲ್ಲೂ ಇರಲಾರದು. ಕಾಗೆಯಷ್ಟೇ ಸಾಮಾನ್ಯವಾಗಿದ್ದ ಹಕ್ಕಿಯನ್ನು ಆಗ ಯಾರು ಎಣಿಸುತ್ತಿದ್ದರು?

‘ಕಡೀಕ ಯಾವಾಗ ನೋಡಿದ್ರಿ?’

ಬಹಳ ಹೊತ್ತು ನೀರನ್ನೇ ನೋಡಿದರು. ‘ನೋಡಿದ್ದ ನೆನಪದರಿ. ಬರೂದ್ ಯಾವಾಗ ನಿಂತ್ವೋ ಗೊತ್ತೇ ಆಗ್ಲಿಲ್ಲ.’

ನೋಟ್‌ಬುಕ್ಕು ತೆಗೆದೆ. ರಣಹದ್ದು: ಇಲ್ಲ. 17 ಫೆಬ್ರವರಿ 2025, 7:40. ಇಬ್ಬರು ನೋಡುತ್ತಿದ್ದೆವು.