ಶೆಡ್ಡಿನಲ್ಲಿ ವಿಮಾನ, ಕೈಯಲ್ಲಿ ಪಾನಾ

ವಿಮಾನವನ್ನು ಕಾರ್ಖಾನೆಯಲ್ಲಿ ಮಾತ್ರ ಕಟ್ಟುತ್ತಾರೆ ಎಂದು ಬಿ.ಇ. ಮುಗಿಸುವವರೆಗೂ ನಂಬಿದ್ದೆ. ಅಮೆರಿಕದಲ್ಲಿ ಜನ ಮನೆಯ ಕಾರು ಶೆಡ್ಡಿನಲ್ಲೇ ಕಟ್ಟಿ, ತಾವೇ ಹಾರಿಸುತ್ತಾರೆ. ಕದ್ದುಮುಚ್ಚಿ ಅಲ್ಲ, ಅದಕ್ಕೊಂದು ಕಾನೂನೇ ಇದೆ. ವಿಮಾನದ ಅರ್ಧಕ್ಕಿಂತ ಹೆಚ್ಚಿನ ಕೆಲಸವನ್ನು ಹವ್ಯಾಸಿಗಳು ಕಲಿಕೆಗೋ ಖುಷಿಗೋ ತಮ್ಮ ಕೈಯಾರೆ ಮಾಡಿರಬೇಕು. ಆಡುಮಾತಿನಲ್ಲಿ ಇದಕ್ಕೆ ‘51 ಪರ್ಸೆಂಟ್ ರೂಲ್’ ಎನ್ನುತ್ತಾರೆ. ಎಂಜಿನ್ ಅನ್ನು ಮಾತ್ರ ಸಿದ್ಧರೂಪದಲ್ಲೇ ಕೊಳ್ಳಬಹುದು. ಹಾಗೆಂದು ಕೊಂಡ ಎಂಜಿನ್ ತಾನಾಗಿಯೇ ಹೋಗಿ ವಿಮಾನದ ಮೂತಿಯಲ್ಲಿ ಕೂರುವುದಿಲ್ಲ.

ಎಂ.ಎಸ್. ಓದಲು ನಾನು ಬಂದಿದ್ದು ಕ್ಯಾನ್ಸಸ್ ರಾಜ್ಯದ ವಿಚಿಟಾ ನಗರಕ್ಕೆ. ಸೆಸ್ನಾ, ಬೀಚ್‌ಕ್ರಾಫ್ಟ್, ಲಿಯರ್‌ಜೆಟ್ ಎಲ್ಲವೂ ಬೆಳೆದ ಊರು ಇದು. ಇಲ್ಲಿ ಕೆಲಸಕ್ಕೇನು ಬರ ಎಂದುಕೊಂಡಿದ್ದೆ. ಅರ್ಜಿ ಹಾಕತೊಡಗಿದ ಮೇಲೆ ಗೊತ್ತಾಯಿತು, ರಕ್ಷಣಾ ತಂತ್ರಜ್ಞಾನಕ್ಕೆ ಸಂಬಂಧಿಸಿದ ಹುದ್ದೆಗಳು ಅಲ್ಲಿನ ಪ್ರಜೆಗಳಿಗೆ ಅಥವಾ ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ವಿಮಾನ ಕಂಪನಿಗಳ ಬಹುಪಾಲು ಜಾಹೀರಾತುಗಳ ಕೊನೆಯಲ್ಲಿ ಆ ಒಂದು ಸಾಲು ಇರುತ್ತಿತ್ತು. ಏರೋಸ್ಪೇಸ್ ಓದಲು ಇಲ್ಲಿಗೆ ಬರಬೇಕೆಂದಿರುವವರು ಆ ಸಾಲನ್ನು ಸಾಲ ಮಾಡುವ ಮುಂಚೆಯೇ ಓದಿಕೊಳ್ಳುವುದು ಒಳ್ಳೆಯದು. ಡಿಗ್ರಿ ಮುಗಿದ ಮೇಲೆ ಸಿಗುವ ಒಂದು ವರ್ಷದ ಕೆಲಸದ ಪರವಾನಗಿಯಲ್ಲಿ 90 ದಿನಕ್ಕಿಂತ ಹೆಚ್ಚು ನಿರುದ್ಯೋಗಿಯಾಗಿ ಇರುವಂತೆಯೂ ಇಲ್ಲ. ನನ್ನ ಲೆಕ್ಕ ಶುರುವಾಗಿತ್ತು.

ಆ ದಿನಗಳಲ್ಲೇ ಹವ್ಯಾಸಿ ವಿಮಾನ ಕಟ್ಟುವವರ ಸಂಘದ ಸಭೆಯೊಂದಕ್ಕೆ ಹೋಗಿದ್ದು. ಅಲ್ಲಿ ಸಿಕ್ಕವರು 71 ವರ್ಷದ ಒಬ್ಬ ಹಿರಿಯರು, ವಿಮಾನ ಕಾರ್ಖಾನೆಯಲ್ಲಿ ತಗಡಿನ ಕೆಲಸ ಮಾಡಿ ನಿವೃತ್ತರಾದವರು. ಎರಡು ಸೀಟಿನ ಆರ್‌ವಿ-9ಎ ವಿಮಾನದ ಕಿಟ್ ತರಿಸಿ ಏಳು ವರ್ಷದಿಂದ ರಿವೆಟ್ ಹೊಡೆಯುತ್ತಿದ್ದರು. ಎಂಜಿನ್ ಬಂದಿತ್ತು, ಎತ್ತಿ ಹಿಡಿಯಲು ಇನ್ನೆರಡು ಕೈ ಬೇಕಿತ್ತು. ಇಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು. ನನಗೆ ನಾಲಿಗೆ ಹೊರಳಲಿಲ್ಲ, ‘ಸರ್’ ಎಂದೇ ಕರೆದೆ. ಅವರು ನಕ್ಕು ಸುಮ್ಮನಾದರು.

ಗಂಗಾವತಿಯಲ್ಲಿ ಟ್ರ್ಯಾಕ್ಟರ್ ಗ್ಯಾರೇಜ್ ಇಟ್ಟಿರುವ ನನ್ನ ಸೋದರಮಾವನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ, ‘ಅಲ್ಲಲೇ, ಇಷ್ಟ್ ರೊಕ್ಕ ಸುರದು ಅಮೆರಿಕಕ್ಕ ಹೋಗಿ ಮತ್ತ ಪಾನಾನೇ ಹಿಡದಿ ಅಂದ್ರ, ಅದನ್ನ ನಾ ಇಲ್ಲೇ ಕಲಸ್ತಿದ್ದೆ’ ಎಂದ. ತಪ್ಪೇನಿಲ್ಲ.

ಎಂಜಿನ್ ಲೈಕಮಿಂಗ್ ಒ-320. ಎದುರುಬದುರಾಗಿ ಮಲಗಿದ ನಾಲ್ಕು ಸಿಲಿಂಡರ್, ಗಾಳಿಯಿಂದಲೇ ತಂಪಾಗುವ ವ್ಯವಸ್ಥೆ. 5.2 ಲೀಟರ್ ಗಾತ್ರಕ್ಕೆ ನಿಮಿಷಕ್ಕೆ 2,700 ಸುತ್ತಿನಲ್ಲಿ ಬರುವುದು 160 ಅಶ್ವಶಕ್ತಿ ಮಾತ್ರ. ಇಂದಿನ ಕಾರುಗಳ ಮುಂದೆ ಇದು ಹಳೆಯ ಕಾಲದ ಸರಕು ಎನಿಸುತ್ತದೆ. ಆದರೆ ಕಾರಿನ ಎಂಜಿನ್ ಪೂರ್ಣ ಶಕ್ತಿಯಲ್ಲಿ ಓಡುವುದು ಅಪರೂಪ. ಇದು ಗಂಟೆಗಟ್ಟಲೆ ಮುಕ್ಕಾಲು ಶಕ್ತಿಯಲ್ಲಿ ಓಡುತ್ತಲೇ ಇರಬೇಕು. ಪ್ರತಿ ಸಿಲಿಂಡರಿಗೂ ಎರಡು ಸ್ಪಾರ್ಕ್ ಪ್ಲಗ್. ಕಿಡಿ ಕೊಡಲು ಎರಡು ಮ್ಯಾಗ್ನೆಟೊ, ಅವಕ್ಕೆ ಬ್ಯಾಟರಿಯ ಹಂಗಿಲ್ಲ. ಇದರಲ್ಲೊಂದು ಅಪಾಯವೂ ಇದೆ. ಮನೆಯಲ್ಲಿ ವೈರ್ ಕಿತ್ತರೆ ದೀಪ ಆರುತ್ತದೆ. ಮ್ಯಾಗ್ನೆಟೊದಲ್ಲಿ ಸ್ವಿಚ್ ಆಫ್ ಮಾಡುವುದೆಂದರೆ ಅದನ್ನು ಅರ್ತ್ ಮಾಡುವುದು. ಆ ವೈರ್ ಕಿತ್ತುಹೋಗಿದ್ದರೆ ಸ್ವಿಚ್ ಆಫ್ ಇದ್ದರೂ ಕಿಡಿ ಹಾರುತ್ತದೆ, ಪ್ರೊಪೆಲರ್ ಅನ್ನು ಕೈಯಿಂದ ಸ್ವಲ್ಪ ತಿರುಗಿಸಿದರೂ ಎಂಜಿನ್ ಹೊತ್ತಿಕೊಳ್ಳಬಹುದು. ‘ಪ್ರೊಪೆಲರ್ ಯಾವಾಗಲೂ ಬದುಕಿದೆ ಎಂದೇ ತಿಳಿ’ ಎನ್ನುವುದು ಸರ್ ಕಲಿಸಿದ ಮೊದಲ ಪಾಠ.

ಚೈನ್ ಬ್ಲಾಕಿನಲ್ಲಿ ಎಂಜಿನ್ ಎತ್ತಿ, ಉಕ್ಕಿನ ಕೊಳವೆಗಳ ಮೌಂಟಿಗೆ ನಾಲ್ಕು ಬೋಲ್ಟಿನಲ್ಲಿ ಬಿಗಿಯಬೇಕು. ಕೇಳಲು ಅರ್ಧ ಗಂಟೆಯ ಕೆಲಸ, ನಮಗೆ ಒಂದು ಇಡೀ ಶನಿವಾರ ಹಿಡಿಯಿತು. ಈ ಬೋಲ್ಟುಗಳು ನೇರವಾಗಿರುವುದಿಲ್ಲ. ನಾಲ್ಕರ ಗೆರೆಗಳನ್ನೂ ಮುಂದಕ್ಕೆ ಎಳೆದರೆ ಎಂಜಿನ್ನಿನ ಗುರುತ್ವಕೇಂದ್ರದ ಬಳಿ ಸೇರುವಂತೆ ಓರೆಯಾಗಿರುತ್ತವೆ. ಎಂಜಿನ್ ಅದುರಿದರೂ ಆ ಅದುರು ರಬ್ಬರ್ ದಾಟಿ ವಿಮಾನದ ಒಡಲಿಗೆ ಹೋಗುವುದು ಕಡಿಮೆಯಾಗಲಿ ಎಂದು ಈ ಏರ್ಪಾಡು. ಮೊದಲ ಮೂರು ಸಲೀಸಾಗಿ ಕೂತವು. ಓರೆಯಾಗಿರುವುದರಿಂದ ನಾಲ್ಕನೆಯದು ತೂತಿಗೆ ಕೂದಲೆಳೆಯಷ್ಟು ಪಕ್ಕದಲ್ಲೇ ನಿಲ್ಲುತ್ತದೆ. ಎತ್ತು, ಇಳಿಸು, ಮೂರನ್ನೂ ಸಡಿಲಿಸು, ಮತ್ತೆ ಎತ್ತು. ಸುತ್ತಿಗೆ ಮಾತ್ರ ಮುಟ್ಟುವಂತಿಲ್ಲ. ಸಂಜೆ ಐದಕ್ಕೆ ಅದು ತಾನೇ ಒಳಗೆ ಜಾರಿತು.

ಆಮೇಲೆ ಬಿಗಿಯುವ ಶಾಸ್ತ್ರ. ಟಾರ್ಕ್ ರೆಂಚಿನಿಂದ ಹೇಳಿದಷ್ಟೇ ಬಿಗಿ, ನಟ್ಟಿಗೆ ಸ್ಪ್ಲಿಟ್ ಪಿನ್, ಪಿನ್ ಹಾಕಲಾಗದ ಕಡೆ ಸೇಫ್ಟಿ ವೈರ್. ಬೋಲ್ಟ್ ಸಡಿಲವಾಗಲು ಹೊರಟರೆ ಅದನ್ನು ಮತ್ತೆ ಬಿಗಿಯ ಕಡೆಗೇ ಎಳೆಯುವಂತೆ ವೈರ್ ಹೊಸೆಯಬೇಕು. ಬಿಗಿದಾದ ಮೇಲೆ ನಟ್ಟಿನ ಮೇಲೆ ಕಿತ್ತಳೆ ಬಣ್ಣದ ಒಂದು ಗೆರೆ. ಮುಂದೆಂದಾದರೂ ಆ ಗೆರೆ ಮುರಿದಿದ್ದರೆ ನಟ್ ಅಲುಗಿದೆ ಎಂದರ್ಥ. ಇಂಥ ಗೆರೆಗಳನ್ನು ಎಷ್ಟು ಎಳೆದೆನೋ ಲೆಕ್ಕವಿಲ್ಲ.

ಕಾಲೇಜಿನಲ್ಲಿ ಸಿಲಿಂಡರ್ ಫಿನ್ನುಗಳ ಮೇಲೆ ಗಾಳಿ ಹರಿಯುವುದನ್ನು ಕಂಪ್ಯೂಟರಿನಲ್ಲಿ ಬಣ್ಣಬಣ್ಣವಾಗಿ ತೋರಿಸಿ ಒಳ್ಳೆಯ ಗ್ರೇಡ್ ಪಡೆದಿದ್ದೆ. ಇಲ್ಲಿ ಆ ಗಾಳಿಯನ್ನು ತಗಡು ಕತ್ತರಿಸಿ ದಾರಿಗೆ ತರಬೇಕಿತ್ತು. ಮುಂದಿನಿಂದ ನುಗ್ಗಿದ ಗಾಳಿ ಎಂಜಿನ್ನಿನ ಮೇಲ್ಗಡೆ ತುಂಬಿ, ಫಿನ್ನುಗಳ ಸಂದಿಯಿಂದಲೇ ಕೆಳಗಿಳಿಯಬೇಕು. ಅದಕ್ಕಾಗಿ ಸುತ್ತಲೂ ಅಲ್ಯೂಮಿನಿಯಂ ಗೋಡೆ, ಗೋಡೆಗೂ ಹೊರಮುಚ್ಚಳಕ್ಕೂ ನಡುವೆ ರಬ್ಬರ್ ಪಟ್ಟಿ. ಬೆರಳು ತೂರುವಷ್ಟು ಬಿರುಕು ಬಿಟ್ಟರೂ ಗಾಳಿ ಸುಲಭದ ದಾರಿ ಹಿಡಿದು ಹೋಗುತ್ತದೆ, ಸಿಲಿಂಡರ್ ಕಾಯುತ್ತದೆ. ಎಂಜಿನ್ ಕೂರಿಸುವುದಕ್ಕಿಂತ ಹೆಚ್ಚು ದಿನ ತಿಂದಿದ್ದು ಈ ತಗಡುಗಳೇ.

ರೆಕ್ಕೆ ಜೋಡಿಸಲು ವಿಮಾನವನ್ನು ಹ್ಯಾಂಗರಿಗೆ ಸಾಗಿಸಿದ ಮೇಲೆ ಇಂಧನದ ಪರೀಕ್ಷೆ. ಅಮೆರಿಕದ ಅಪಘಾತ ತನಿಖಾ ಮಂಡಳಿ 2012ರಲ್ಲಿ ಇಂಥ ವಿಮಾನಗಳ ಬಗ್ಗೆಯೇ ಒಂದು ಅಧ್ಯಯನ ಪ್ರಕಟಿಸಿದೆ. ಎಂಜಿನ್ ಕೈಕೊಡುವುದು ಮತ್ತು ಹಾರಾಟದಲ್ಲಿ ಹಿಡಿತ ತಪ್ಪುವುದು ದೊಡ್ಡ ಕಾರಣಗಳು; ವಿಮಾನ ಹೊಸದಿರುವಾಗಲೇ ಅಪಾಯ ಹೆಚ್ಚು. ಮೊದಲ ಹಾರಾಟಕ್ಕೆ ಮುನ್ನ ಇಂಧನ ವ್ಯವಸ್ಥೆಯನ್ನು ಪರೀಕ್ಷಿಸಬೇಕೆಂದು ಅದು ಒತ್ತಿ ಹೇಳಿತ್ತು. ಸರ್ ಆ ವರದಿಯನ್ನು ಪ್ರಿಂಟ್ ತೆಗೆದು ಗೋಡೆಗೆ ನೇತುಹಾಕಿದ್ದರು.

ಪರೀಕ್ಷೆ ಸರಳ. ವಿಮಾನ ಕಡಿದಾಗಿ ಏರುವಾಗ ಇರುವಂತೆ ಮೂತಿ ಎತ್ತಿ ನಿಲ್ಲಿಸಿ, ಕಾರ್ಬುರೇಟರಿನ ಬಳಿ ಪೈಪ್ ಬಿಚ್ಚಿ, ಪಂಪ್ ಹಾಕಿ, ಬಕೆಟ್ಟಿಗೆ ಎಷ್ಟು ಬೀಳುತ್ತದೆ ಎಂದು ಅಳೆಯುವುದು. ಪಂಪ್ ಇರುವ ವ್ಯವಸ್ಥೆಯಲ್ಲಿ, ಪೂರ್ಣ ಶಕ್ತಿಯಲ್ಲಿ ಬೇಕಾಗುವುದರ 125 ಶೇಕಡಾ ಬರಬೇಕು. ಈ ಎಂಜಿನ್ನಿಗೆ ಗಂಟೆಗೆ ಸುಮಾರು 50 ಲೀಟರ್ ಬೇಕು ಎಂದರೆ, ನಿಮಿಷಕ್ಕೆ ಒಂದು ಲೀಟರಿಗಿಂತ ತುಸು ಹೆಚ್ಚು. ಎಡ ಟ್ಯಾಂಕ್ ಪಾಸಾಯಿತು. ಬಲ ಟ್ಯಾಂಕಿನಿಂದ ಬಂದಿದ್ದು 700 ಮಿಲಿಲೀಟರ್. ಮತ್ತೆ ಅಳೆದೆವು. ಅಷ್ಟೇ.

ನೆಲದ ಮೇಲೆ ನಿಧಾನಕ್ಕೆ ಓಡಿಸಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಎಂಜಿನ್ ಚೆನ್ನಾಗಿಯೇ ಗುನುಗುತ್ತಿತ್ತು. ರನ್‌ವೇ ಬಿಟ್ಟು ಮರದೆತ್ತರ ಏರಿದಾಗ ಹಸಿವಾಗಿ ನಿಲ್ಲುತ್ತಿತ್ತು.

ಟ್ಯಾಂಕಿನ ಬಾಗಿಲು ಬಿಚ್ಚಿದರೆ, ಒಳಗಿನ ಜಾಲರಿಗೆ ಅಂಟಿಕೊಂಡಿದ್ದು ಉಗುರಿನಷ್ಟು ಬೂದುಬಣ್ಣದ ತುಣುಕು. ವರ್ಷಗಳ ಹಿಂದೆ ಟ್ಯಾಂಕ್ ಸೋರದಿರಲೆಂದು ಬಳಿದಿದ್ದ ಸೀಲೆಂಟು. ಸರ್ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ‘ಎರಡೂ ಟ್ಯಾಂಕ್ ತೊಳೆಯೋಣ’ ಎಂದರು. ಸರಿಯಾಗಿರುವ ಎಡಗಡೆಯದನ್ನು ಯಾಕೆ ಎಂದು ನಾನು ಕೇಳಲಿಲ್ಲ. ಮೂರು ವಾರಾಂತ್ಯ ಹೋದವು. ನನ್ನ 90 ದಿನಗಳಲ್ಲಿ 61 ಮುಗಿದಿದ್ದವು.

ರೈಟ್ ಸಹೋದರರ 1903ರ ಎಂಜಿನ್ ಮಾಡಿದ್ದು ಚಾರ್ಲಿ ಟೇಲರ್ ಎಂಬ ಮೆಕ್ಯಾನಿಕ್, ಅದೂ ಸೈಕಲ್ ಅಂಗಡಿಯಲ್ಲಿ, ಆರೇ ವಾರದಲ್ಲಿ. ಪಠ್ಯದಲ್ಲಿ ಆತನ ಹೆಸರು ನಾನು ಓದಿದ ನೆನಪಿಲ್ಲ. ನಮ್ಮಲ್ಲೂ ಇಂಥ ಕೈಗಳಿಗೆ ಕೊರತೆಯಿಲ್ಲ. ಬೆಂಗಳೂರಿನ ಎನ್‌ಎಎಲ್‌ನ ಎರಡು ಸೀಟಿನ ‘ಹಂಸ’ ಹಾರುವುದು ರೋಟ್ಯಾಕ್ಸ್ ಎಂಜಿನ್ನಿನಿಂದ. ಅದನ್ನು ಕೂರಿಸಿದವರು ನಮ್ಮವರೇ. ಮುಂಬೈನ ಪೈಲಟ್ ಅಮೋಲ್ ಯಾದವ್ ತಾರಸಿಯ ಮೇಲೆ ವಿಮಾನ ಕಟ್ಟಿ, ಅದರ ನೋಂದಣಿಗಾಗಿ ವರ್ಷಗಟ್ಟಲೆ ಅಲೆದರು. ಕಟ್ಟುವುದಕ್ಕಿಂತ ಕಾಗದವೇ ಕಷ್ಟವಾದರೆ ಹುಡುಗರು ಕೈ ಹಾಕುವುದಾದರೂ ಹೇಗೆ?

ಮೊದಲು ಸ್ಟಾರ್ಟ್ ಮಾಡಿದ್ದು ಒಂದು ಭಾನುವಾರ ಬೆಳಿಗ್ಗೆ. ಪ್ಲಗ್ ಬಿಚ್ಚಿ, ಸ್ಟಾರ್ಟರಿನಿಂದ ಸುತ್ತಿಸಿ ಆಯಿಲ್ ಎಲ್ಲೆಡೆ ತಲುಪಿದೆ ಎಂದು ಖಾತ್ರಿ ಮಾಡಿಕೊಂಡಿದ್ದೆವು. ಎಂಜಿನ್ ಹೊತ್ತಿಕೊಂಡ 30 ಸೆಕೆಂಡಿನೊಳಗೆ ಆಯಿಲ್ ಒತ್ತಡ ಕಾಣದಿದ್ದರೆ ನಿಲ್ಲಿಸಬೇಕು. ನಾನು ಅಗ್ನಿಶಾಮಕ ಹಿಡಿದು ರೆಕ್ಕೆಯ ಆಚೆ ನಿಂತಿದ್ದೆ. ಸರ್ ಒಳಗಿನಿಂದ ಹೆಬ್ಬೆರಳು ಎತ್ತಿ ತೋರಿಸಿದಾಗ ನಾನು ಏಳರವರೆಗೆ ಎಣಿಸಿದ್ದೆ. ಹೊಸ ಎಂಜಿನ್ನನ್ನು ನೆಲದ ಮೇಲೆ ಹೆಚ್ಚು ಓಡಿಸಬಾರದು, ಪಿಸ್ಟನ್ ರಿಂಗು ಸರಿಯಾಗಿ ಕೂರುವುದಿಲ್ಲ. ಕೆಲವೇ ನಿಮಿಷದಲ್ಲಿ ನಿಲ್ಲಿಸಿ, ಮುಚ್ಚಳ ಬಿಚ್ಚಿ, ಟಾರ್ಚ್ ಹಿಡಿದು ಒಂದೊಂದೇ ಕಿತ್ತಳೆ ಗೆರೆ ನೋಡಿದೆವು.

ನನಗೆ 83ನೇ ದಿನ ಕೆಲಸ ಸಿಕ್ಕಿತು. ಸಣ್ಣ ವಿಮಾನಗಳ ಬಿಡಿಭಾಗ ರಿಪೇರಿ ಮಾಡುವ ಚಿಕ್ಕ ಕಂಪನಿ. ಸಾಫ್ಟ್‌ವೇರಿಗೆ ಹೋದ ಗೆಳೆಯರ ಸಂಬಳ ಇದಕ್ಕಿಂತ ಬಹಳ ಹೆಚ್ಚು. ಎಂಜಿನ್ ಕೂರಿಸಿದ್ದಕ್ಕೇ ಕೆಲಸ ಕೊಟ್ಟರು ಎಂದು ಹೇಳಲಾರೆ. ಆದರೆ ಸಂದರ್ಶನದಲ್ಲಿ ಅರ್ಧ ಗಂಟೆ ಮಾತಾಡಿದ್ದು ಆ 700 ಮಿಲಿಲೀಟರಿನ ಬಗ್ಗೆಯೇ.

ವಿಮಾನವೀಗ ಪರೀಕ್ಷಾ ಹಾರಾಟದಲ್ಲಿದೆ. 40 ಗಂಟೆ ಮುಗಿಯುವವರೆಗೆ ಸುಮ್ಮನೆ ಜೊತೆಗೆ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ. ಕಳೆದ ಭಾನುವಾರಕ್ಕೆ 26 ಆಗಿತ್ತು.